ಮರ ಇಳಿಸುವ ತಂಡದಲ್ಲಿ ಕೆಳಗಿನ ಕೆಲಸಕ್ಕೆ ಸೇರುತ್ತಿದ್ದೇನೆ, ಏನೇನು ತಿಳಿದಿರಬೇಕು?

ಕುಣಿಗಲ್ ಹುಡುಗ

ಎಲ್ಲರಿಗೂ ನಮಸ್ಕಾರ. ಬೆಂಗಳೂರಲ್ಲಿ ಅಪಾರ್ಟ್‌ಮೆಂಟ್, ಶಾಲೆ, ಹಳೇ ಮನೆಗಳ ಕಾಂಪೌಂಡಿನಲ್ಲಿ ಕೊಂಬೆ ಸವರೋ, ಅಪಾಯದ ಮರ ಇಳಿಸೋ ತಂಡವೊಂದಕ್ಕೆ ಮುಂದಿನ ವಾರದಿಂದ ಸೇರ್ತಾ ಇದ್ದೀನಿ. ಮೇಸ್ತ್ರಿ ಹೇಳಿದ್ದು ಇಷ್ಟೇ: "ಮೊದಲು ಕೆಳಗಿರು. ಹಗ್ಗ ಹಿಡಿ, ಕೊಂಬೆ ಎಳೆದು ಹಾಕು, ಮಿಷನ್ನಿಗೆ ಎಣ್ಣೆ ತುಂಬು." ಊರಲ್ಲಿ ತೆಂಗಿನ ತೋಟದ ಕೆಲಸ ಮಾಡಿ ಅಭ್ಯಾಸ ಇದೆ, ಮೈ ಬಗ್ಗಿಸೋಕೆ ಹಿಂಜರಿಕೆ ಇಲ್ಲ. ಆದರೆ ಮರ ಕುಯ್ಯೋ ಮಿಷನ್ ಮುಟ್ಟಿಲ್ಲ, ದೊಡ್ಡ ಮರ ಇಳಿಸೋದನ್ನ ಹತ್ತಿರದಿಂದ ನೋಡಿಲ್ಲ. ಸೇರೋಕೆ ಮುಂಚೆ ಏನು ಕಲಿತಿರಬೇಕು? ಕೈಯಿಂದ ಏನು ಕೊಳ್ಳಬೇಕು? ಮಿಷನ್ ಯಾವಾಗ ಕೈಗೆ ಕೊಡ್ತಾರೆ? ಅನುಭವ ಇರೋ ಅಣ್ಣಂದಿರು, ಅಕ್ಕಂದಿರು ದಯವಿಟ್ಟು ಹೇಳಿ.

ಹಗ್ಗದ ಕೈ

ತಮ್ಮಾ, ಮಿಷನ್ ವಿಷಯ ಸದ್ಯಕ್ಕೆ ಪಕ್ಕಕ್ಕಿಡು. ನಾನು ಹತ್ತೋನಲ್ಲ. ವರ್ಷಗಳಿಂದ ಕೆಳಗೇ ಇದ್ದೀನಿ, ಇಷ್ಟಪಟ್ಟೇ ಇದ್ದೀನಿ. ಮೇಲಿರೋನಿಗೆ ತನ್ನ ಮುಂದಿನ ಕೊಂಬೆ ಬಿಟ್ಟು ಬೇರೇನೂ ಕಾಣಲ್ಲ, ಮಿಷನ್ ಸದ್ದಿಗೆ ಏನೂ ಕೇಳಲ್ಲ. ಕೆಳಗೆ ಯಾರು ನಡೆದು ಬಂದರು, ಹಗ್ಗ ಯಾವ ಕವಲಲ್ಲಿ ಸಿಕ್ಕಿದೆ, ಅವನ ಸೊಂಟದ ಹಗ್ಗ ಮಿಷನ್ ಚೈನಿನ ದಾರಿಗೆ ಬಂತಾ, ಇದೆಲ್ಲ ಕಾಣೋದು ನಿನಗೆ. ಅವನ ಜೀವ ಅರ್ಧ ನಿನ್ನ ಕಣ್ಣಲ್ಲಿರುತ್ತೆ. ಬರೀ ಸೊಪ್ಪು ಎಳೆಯೋ ಕೂಲಿ ಅಂತ ಯಾರಾದರೂ ಅಂದರೆ ಒಪ್ಪಬೇಡ.

ಮೊದಲನೇ ದಿನವೇ ತಲೆಯಲ್ಲಿ ಕೂರಬೇಕಾದ್ದು ಕೊಂಬೆ ಬೀಳೋ ಜಾಗ. 10 ಮೀಟರ್ ಮೇಲಿಂದ, ಅಂದ್ರೆ ಹೆಚ್ಚುಕಡಿಮೆ ಮೂರನೇ ಮಹಡಿ ಎತ್ತರದಿಂದ ಜಾರಿದ ತುಂಡು ನೆಲ ಮುಟ್ಟೋಕೆ ಒಂದೂವರೆ ಸೆಕೆಂಡೂ ಬೇಡ. ಮುಟ್ಟೋವಾಗ ಅದರ ವೇಗ ಗಂಟೆಗೆ ಸುಮಾರು 50 ಕಿ.ಮೀ. ಕೂಗು ಕೇಳಿ ತಲೆ ಎತ್ತೋದರೊಳಗೆ ಎಲ್ಲ ಆಗಿ ಹೋಗಿರುತ್ತೆ. ಹಾಗಾಗಿ ಓಡಿ ತಪ್ಪಿಸ್ಕೋತೀನಿ ಅನ್ನೋ ಲೆಕ್ಕವೇ ಬೇಡ, ಆ ಜಾಗದಲ್ಲಿ ಇರಲೇಬಾರದು. ಬಿದ್ದ ಕೊಂಬೆ ಎಳೆಯೋಕೆ ಒಳಗೆ ಹೋಗಬೇಕಾದರೆ ಮೊದಲು ಕೂಗಿ ಕೇಳು, ಮೇಲಿನವನು ಮಿಷನ್ ನಿಲ್ಲಿಸಿ "ಬಾ" ಅಂದಮೇಲೆ ಹೋಗು. ಹೊರಗೆ ಬಂದಮೇಲೆ "ಬಂದೆ" ಅಂತ ಹೇಳು. ಅವನು ತಲೆ ಆಡಿಸಿದ ಹಾಗೆ ಕಂಡಿತು ಅಂತ ಒಳಗೆ ನುಗ್ಗಬೇಡ, ಬಾಯಿಂದ ಮಾತು ಬರಬೇಕು.

ತೂಕದ ಅಂದಾಜು ಎಲ್ಲರೂ ತಪ್ಪುತ್ತಾರೆ. 40 ಸೆಂ.ಮೀ. ದಪ್ಪ, 1 ಮೀಟರ್ ಉದ್ದದ ಹಸಿ ದಿಮ್ಮಿ 100 ಕೆ.ಜಿ. ದಾಟುತ್ತೆ. ದಪ್ಪ ಎರಡರಷ್ಟಾದರೆ ತೂಕ ನಾಲ್ಕರಷ್ಟು. ಅದನ್ನ ಬರೀ ಕೈಯಲ್ಲಿ ಹಗ್ಗ ಹಿಡಿದು ಇಳಿಸೋಕೆ ಯಾರಿಂದಲೂ ಆಗಲ್ಲ. ಬೊಡ್ಡೆಗೆ ಸುತ್ತು ಹಾಕಿ ಹಿಡೀಬೇಕು. ಒಂದೊಂದು ಸುತ್ತಿಗೂ ಹಿಡಿತ ಹಲವು ಪಟ್ಟು ಏರುತ್ತೆ. ಸುತ್ತು ಕಮ್ಮಿ ಆದರೆ ಹಗ್ಗ ನಿನ್ನ ಅಂಗೈ ಸುಟ್ಟು ಓಡುತ್ತೆ. ಜಾಸ್ತಿ ಆದರೆ ಕೊಂಬೆ ಗಕ್ಕನೆ ನಿಂತು ಇಡೀ ಮರ ಅಲ್ಲಾಡುತ್ತೆ, ಮೇಲಿರೋನು ಆ ಅಲುಗಾಟದಲ್ಲೇ ಇರ್ತಾನೆ. ಕೊಂಬೆ ಕಳಚಿದ ಕೂಡಲೇ ಒಂದೆರಡು ಅಡಿ ಸಲೀಸಾಗಿ ಓಡೋಕೆ ಬಿಟ್ಟು, ಆಮೇಲೆ ನಿಧಾನಕ್ಕೆ ಬಿಗಿ ಮಾಡೋದು. ಇದು ಹೇಳಿ ಬರೋದಲ್ಲ, ಸಣ್ಣ ಸಣ್ಣ ಕೊಂಬೆಯಲ್ಲಿ ಮಾಡಿ ಮಾಡಿ ಕೈಗೆ ಬರಬೇಕು. ದೊಡ್ಡದನ್ನ ಮೊದಲ ವಾರವೇ ಕೊಟ್ಟರೆ "ನನಗೆ ಇನ್ನೂ ಬರಲ್ಲ" ಅಂತ ಧೈರ್ಯವಾಗಿ ಹೇಳು.

ಇನ್ನೊಂದು ಮಾತು. ಹಗ್ಗವನ್ನ ಎಂದೂ ಮುಂಗೈಗೆ ಸುತ್ತಿಕೊಳ್ಳಬೇಡ, ಸೊಂಟಕ್ಕೆ ಕಟ್ಟಿಕೊಳ್ಳಬೇಡ. ಕಾಲ ಹತ್ತಿರ ಸುರುಳಿ ಬಿದ್ದಿರೋ ಹಗ್ಗದ ಒಳಗೆ ಪಾದ ಇಡಬೇಡ. ಕೊಂಬೆ ಹೊರಟರೆ ಆ ಸುರುಳಿ ನಿನ್ನನ್ನೂ ಎಳ್ಕೊಂಡು ಹೋಗುತ್ತೆ.

ಏರುಗಾಲು

ನಾನು ಹತ್ತೋನು. ಮೇಲಿನ ಅಣ್ಣ ಹೇಳಿದ್ದಕ್ಕೆ ನನ್ನ ಪೂರ್ತಿ ಸಹಮತ. ಹೊಸ ತಂಡಕ್ಕೆ ಹೋದರೆ ನಾನು ಮೊದಲು ನೋಡೋದು ಮಿಷನ್ ಯಾವ ಕಂಪನಿದು ಅಂತ ಅಲ್ಲ, ಕೆಳಗೆ ಯಾರಿದ್ದಾರೆ ಅಂತ. ಫೋನ್ ನೋಡ್ತಾ ನಿಲ್ಲೋನು ಕೆಳಗಿದ್ದರೆ ನಾನು ಹತ್ತಲ್ಲ.

ಕುಣಿಗಲ್ ತಮ್ಮ, ಸೇರೋಕೆ ಮುಂಚೆ ಮನೇಲೇ ಕೂತು ಗಂಟು ಕಲಿ. ಬಿಗಿಯಾಗದ ಕುಣಿಕೆ ಹಾಕೋ ಬೋಲೈನ್, ಕಂಬಕ್ಕೆ ಸುತ್ತಿ ಕಟ್ಟೋ ಕ್ಲೋವ್ ಹಿಚ್, ದಿಮ್ಮಿಗೆ ಹಾಕೋ ಟಿಂಬರ್ ಹಿಚ್, ಇಷ್ಟು ಕಣ್ಣುಮುಚ್ಚಿ ಬಂದರೆ ಮೊದಲ ತಿಂಗಳಿಗೆ ಧಾರಾಳ ಆಯ್ತು. ಮೇಲಕ್ಕೆ ಸಾಮಾನು ಕಳಿಸೋವಾಗ ನೀನು ಹಾಕೋ ಗಂಟು ಬಿಚ್ಚಿಕೊಂಡರೆ ಮಿಷನ್ ಬೀಳೋದು ನಿನ್ನ ತಲೆ ಮೇಲೇ.

ಹಗ್ಗ ಮೇಲಿನ ಕವಲಲ್ಲಿ ಹಾದು ಕೆಳಗೆ ಬಂದಿದ್ದರೆ, ಇಳಿಯೋ ಕೊಂಬೆಯ ತೂಕದ ಸುಮಾರು ಎರಡರಷ್ಟು ಭಾರ ಆ ಕವಲಿನ ಮೇಲೆ ಬೀಳುತ್ತೆ. ಒಮ್ಮೆಲೇ ನಿಲ್ಲಿಸಿದರೆ ಇನ್ನೂ ಎಷ್ಟೋ ಜಾಸ್ತಿ. ಅದಕ್ಕೇ ನಾನು "ಬಿಡು" ಅಂದಾಗ ಬಿಡಬೇಕು, "ಹಿಡಿ" ಅಂದಾಗ ಹಿಡೀಬೇಕು, ನಿನ್ನ ಅಂದಾಜು ಬೇರೆ ಇದ್ದರೆ ಕೊಯ್ಯೋಕೆ ಮುಂಚೆಯೇ ಹೇಳಬೇಕು. "ನಿಲ್ಲು" ಅನ್ನೋ ಮಾತು ಮಾತ್ರ ಯಾರು ಬೇಕಾದರೂ ಹೇಳಬಹುದು, ಕೇಳಿದ ಕೂಡಲೇ ಎಲ್ಲರೂ ನಿಲ್ಲಬೇಕು. ಕಾರಣ ಆಮೇಲೆ ಕೇಳೋಣ. ಒಳ್ಳೆ ತಂಡದಲ್ಲಿ ನೆನ್ನೆ ಸೇರಿದ ಹುಡುಗ "ನಿಲ್ಲು" ಅಂದರೂ ಬೈಯಲ್ಲ.

ಸೊಪ್ಪು ಸೌದೆ

ನಾನೂ ನಮ್ಮ ಯಜಮಾನರೂ ಒಂದೇ ತಂಡದಲ್ಲಿ ಕೆಲಸ ಮಾಡ್ತೀವಿ. ರೆಂಬೆ ಎಳೆದು ಗಾಡಿಗೆ ತುಂಬೋದು, ರಸ್ತೆ ಕಾಯೋದು ನನ್ನ ಕೆಲಸ. ಕಷ್ಟ ಇರೋದು ಮರದಲ್ಲಲ್ಲಪ್ಪ, ಜನದಲ್ಲಿ. ಹಗ್ಗ ಕಟ್ಟಿದ್ದರೂ ಬಗ್ಗಿ ಒಳಗೆ ಬರ್ತಾರೆ. ಫೋನಲ್ಲಿ ವೀಡಿಯೋ ಮಾಡ್ತಾ ಹಿಂದಕ್ಕೆ ನಡೀತಾರೆ. ಸ್ಕೂಟರಿನವರು "ಒಂದು ನಿಮಿಷ ಅಕ್ಕ, ಹೋಗಿಬಿಡ್ತೀನಿ" ಅಂತಾರೆ. ನೀನು ಯಾರಿಗೂ ಹೆದರದೆ ಕೈ ಅಡ್ಡ ಹಾಕು. ಮೆತ್ತಗೆ ಮಾತಾಡು, ಆದರೆ ಬಿಡಬೇಡ. ಮನೆ ಯಜಮಾನರೇ ಕಾಫಿ ತಂದುಕೊಡೋಕೆ ಮರದ ಕೆಳಗೆ ಬರ್ತಾರೆ, ಅವರಿಗೂ ಅದೇ ಮಾತು. ಶಾಲೆ ಬಿಡೋ ಹೊತ್ತಿಗೆ ಕೆಲಸ ನಿಲ್ಲಿಸಿ ಅಂತ ನಾನು ಮೊದಲೇ ಮೇಸ್ತ್ರಿಗೆ ಹೇಳಿಟ್ಟಿರ್ತೀನಿ.

ರೆಂಬೆ ಎಳೆಯೋವಾಗ ಬುಡದ ಕಡೆ ಹಿಡಿದು ಎಳಿ, ತುದಿ ಹಿಡಿದರೆ ಎಲ್ಲಾ ಕಡೆ ಸಿಕ್ಕಿಕೊಳ್ಳುತ್ತೆ. ಬಾಗಿ ಒತ್ತಿಕೊಂಡಿರೋ ಕೊಂಬೆ ಮೇಲೆ ಕಾಲಿಡಬೇಡ, ಚಿಮ್ಮಿ ಮುಖಕ್ಕೆ ಹೊಡೆಯುತ್ತೆ. ಜಾಗ ಆಗಾಗ ಚೊಕ್ಕಟ ಮಾಡ್ತಾ ಇರು. ಹತ್ತೋರು ಇಳಿದು ಬಂದಾಗ ಕಾಲಿಡೋಕೆ ನೆಲ ಕಾಣಬೇಕು.

ಹಾಸನ ಲೈನ್‌ಮನ್

ಕರೆಂಟಿನ ಮಾತು ಯಾರೂ ಎತ್ತಲಿಲ್ಲ, ನಾನು ಹೇಳ್ತೀನಿ. ಮರದ ಹತ್ತಿರ ತಂತಿ ಇದ್ದರೆ ಕರೆಂಟ್ ಕಂಪನಿಯ ಸೆಕ್ಷನ್ ಆಫೀಸಿಗೆ ಹೋಗಿ ಲೈನ್ ಕ್ಲಿಯರ್, ಅಂದ್ರೆ ಲೈನ್ ಆಫ್ ಮಾಡಿ ಕೊಡೋ ಅನುಮತಿ, ತಗೊಂಡ ಮೇಲೇ ಕೆಲಸ. "ಪಕ್ಕದ ಮನೇಲಿ ಕರೆಂಟ್ ಹೋಗಿದೆ, ಲೈನ್ ಆಫ್ ಆಗಿದೆ" ಅನ್ನೋ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ. ಆ ಭಾಗಕ್ಕೆ ಕರೆಂಟ್ ತರೋ ಮುಖ್ಯ ಲೈನ್ (ಫೀಡರ್) ತಾನೇ ಟ್ರಿಪ್ ಆಗಿದ್ದರೆ ಯಾವ ಕ್ಷಣಕ್ಕಾದರೂ ಮತ್ತೆ ಚಾರ್ಜ್ ಮಾಡ್ತಾರೆ. ಆಫ್ ಮಾಡಿದ ಲೈನಿಗೂ ಯಾವುದೋ ಮನೆಯ ಜನರೇಟರ್, ಸರಿಯಾಗಿ ವೈರಿಂಗ್ ಮಾಡದ ಇನ್ವರ್ಟರ್‌ನಿಂದ ವಾಪಸ್ ಕರೆಂಟ್ ಬರುತ್ತೆ. ಅದಕ್ಕೇ ನಾವು ಆಫ್ ಮಾಡಿದ ಮೇಲೂ ಟೆಸ್ಟ್ ಮಾಡಿ ಅರ್ತ್ ಹಾಕ್ತೀವಿ.

11 ಕೆವಿ, ಅಂದ್ರೆ 11 ಸಾವಿರ ವೋಲ್ಟಿನ ತಂತಿಗೆ ಮುಟ್ಟಲೇಬೇಕು ಅಂತಿಲ್ಲ, ಹತ್ತಿರ ಹೋದರೂ ಹೊಡೆಯುತ್ತೆ. ಹಸಿ ಕೊಂಬೆಯಲ್ಲಿ ಕರೆಂಟ್ ಹರಿಯುತ್ತೆ, ನೆನೆದ ಹಗ್ಗದಲ್ಲೂ ಹರಿಯುತ್ತೆ, ಆ ಹಗ್ಗದ ಇನ್ನೊಂದು ತುದಿ ಹಿಡಿದು ನಿಂತಿರೋನು ನೀನು. ತಂತಿ ಕಡಿದು ನೆಲಕ್ಕೆ ಬಿದ್ದರೆ ಹತ್ತಿರ ಓಡಬೇಡ. ಸುತ್ತಲ ನೆಲದಲ್ಲೂ ಕರೆಂಟ್ ಇರುತ್ತೆ. ಅಲ್ಲೇ ಇದ್ದರೆ ಎರಡೂ ಪಾದ ಜೋಡಿಸಿ ಸಣ್ಣ ಸಣ್ಣ ಹೆಜ್ಜೆ ಉಜ್ಜುತ್ತಾ ದೂರ ಸರಿ, ಜನರನ್ನ ದೂರ ಇಡು, 1912ಕ್ಕೆ ಫೋನ್ ಮಾಡು.

ಮೂಡಿಗೆರೆ ತೋಟ

ಹಾಸನದ ಅಣ್ಣ ಹೇಳಿದ್ದಕ್ಕೆ ನಮ್ಮ ಕಡೆಯದ್ದು ಸೇರಿಸ್ತೀನಿ. ಕಾಫಿ ತೋಟಗಳಲ್ಲಿ ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡಿಸ್ತೀವಿ, ಅಂದ್ರೆ ನೆರಳು ಕಮ್ಮಿ ಮಾಡೋಕೆ ಮರದ ಕೊಂಬೆ ಸವರಿಸೋದು. ಮರಗಸಿಯಲ್ಲಾಗಲಿ ಮೆಣಸು ಕೊಯ್ಲಿನಲ್ಲಾಗಲಿ ನಮ್ಮಲ್ಲಿ ಜೀವ ಹೋಗಿರೋದು ಮರದಿಂದ ಬಿದ್ದು ಮಾತ್ರ ಅಲ್ಲ, ಅಲ್ಯೂಮಿನಿಯಂ ಏಣಿ ತಂತಿಗೆ ತಗುಲಿ. ಏಣಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಎತ್ತಿ ಹಿಡಿದು ಸಾಗಿಸೋವಾಗಲೇ ಇದಾಗೋದು, ಮತ್ತೆ ಅದನ್ನ ಸಾಗಿಸೋದು ಕೆಳಗಿನ ಕೆಲಸದವರೇ. ಏಣಿಯನ್ನ ಮಲಗಿಸಿಯೇ ಸಾಗಿಸಿ. ತಂತಿ ಹಾದುಹೋಗಿರೋ ಜಾಗದಲ್ಲಿ ಬಿದಿರಿನ ಏಣಿಯೇ ಮೇಲು. ಅದೂ ಒಣಗಿದ್ದರೆ ಮಾತ್ರ.

ಸಿಲ್ವರ್ ಓಕ್ ನಂಬಬೇಡಿ. ನೋಡೋಕೆ ನೆಟ್ಟಗಿರುತ್ತೆ, ಕೊಂಬೆ ಸೂಚನೆ ಕೊಡದೆ ಮುರಿಯುತ್ತೆ.

ಹೊಂಗೆ ನೆರಳು

ತೋಟಗಾರಿಕೆ ಇಲಾಖೆಯಲ್ಲಿ ಇದ್ದು ನಿವೃತ್ತಳಾದವಳು ನಾನು. ಮಗೂ, ನೀನು ಕೆಲಸ ಮಾಡೋ ಬೆಂಗಳೂರಿನ ರಸ್ತೆಬದಿ ಮರಗಳಲ್ಲಿ ಬಹಳಷ್ಟು 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ನೆಟ್ಟವು. ಆಗ ಲಕ್ಷಗಟ್ಟಲೆ ಸಸಿ ಇಟ್ಟರು. ಅವಕ್ಕೆ ಈಗ ನಲವತ್ತು ವರ್ಷದ ಆಸುಪಾಸು. ಅಷ್ಟರಲ್ಲಿ ಬುಡದ ಸುತ್ತ ಕಾಂಕ್ರೀಟು ಬಂತು, ಚರಂಡಿಗೂ ಕೇಬಲ್ಲಿಗೂ ಅಂತ ಬೇರು ಕತ್ತರಿಸಿದರು. ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ಉರುಳೋ ಮರಗಳ ಬೇರನ್ನ ನೋಡು, ಕಥೆ ಅಲ್ಲೇ ಇರುತ್ತೆ.

ಮರ ಹತ್ತೋಕೆ ಮುಂಚೆ ಕೆಳಗಿನವನು ಸುತ್ತ ಒಂದು ಪ್ರದಕ್ಷಿಣೆ ಹಾಕಬೇಕು. ಬುಡದಲ್ಲಿ ಅಣಬೆ ಎದ್ದಿದೆಯಾ, ಪೊಟರೆ ಇದೆಯಾ, ಒಂದು ಕಡೆ ನೆಲ ಬಿರಿದು ಮೇಲೆದ್ದಿದೆಯಾ, ತೊಗಟೆ ತಟ್ಟಿದರೆ ಟೊಳ್ಳು ಸದ್ದು ಬರುತ್ತಾ ನೋಡು. ಮರದ ಜಾತಿ ಗುರುತಿಸೋಕೆ ಕಲಿ. ಗುಲ್‌ಮೊಹರ್, ಆಕಾಶಮಲ್ಲಿಗೆ, ಸ್ಪಾಥೋಡಿಯಾ ಇವುಗಳ ಕೊಂಬೆ ಪೆಡಸು, ಪಟ್ಟನೆ ಮುರಿಯುತ್ತೆ. ಬೇವು, ಹುಣಸೆ ಕೊಂಬೆ ಬಾಗಿ ತಡೆದುಕೊಳ್ಳುತ್ತೆ. ಮಳೆಮರದ ಕೊಂಬೆ ಅಡ್ಡಡ್ಡಕ್ಕೆ ಬಹಳ ದೂರ ಚಾಚಿರುತ್ತೆ, ಕೊಯ್ದಾಗ ತುದಿ ಎಲ್ಲಿ ತೂಗುತ್ತೆ ಅನ್ನೋದು ಮೇಲಿರೋನಿಗಿಂತ ಕೆಳಗಿರೋನಿಗೆ ಚೆನ್ನಾಗಿ ಕಾಣುತ್ತೆ.

ಹೆಜ್ಜೇನು! ದೊಡ್ಡ ಮರದ ಅಡ್ಡ ಕೊಂಬೆಯ ಕೆಳಗೆ ಜೇನುಗೂಡು ನೇತಾಡ್ತಿದ್ದರೆ ಆ ದಿನ ಆ ಮರಕ್ಕೆ ಮಿಷನ್ ಹಚ್ಚಬಾರದು. ಹಕ್ಕಿ ಗೂಡು ಇದ್ದರೂ ನಿಲ್ಲಿಸಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಹಕ್ಕಿಗಳ ಮೊಟ್ಟೆ, ಗೂಡು ಕೆಡಿಸೋದನ್ನ ಬೇಟೆ ಅಂತಲೇ ಎಣಿಸುತ್ತೆ. ಮರ ಕಡಿಯೋದಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ಆ ಕಾಗದ ಬಂದಿದೆಯಾ ಅಂತ ಕೇಳೋ ಹಕ್ಕು ನಿನಗೂ ಇದೆ.

ಧಾರವಾಡದಾಂವ

ಮೇಡಂ, ಒಂದ್ ಮಾತ್ ಕೇಳ್ತೀನ್ರಿ. ನಮ್ಮ ಕಡೆ ಗಿಡದ ಟೊಂಗಿ ಕಡದ ಮ್ಯಾಲ ಗಾಯಕ್ಕ ಸಗಣಿ ಬಡೀತಾರ, ಕೆಲವ್ರು ಡಾಂಬರ ಹಚ್ಚತಾರ. ಅದನ್ನ ಹಚ್ಚೂ ಕೆಲಸ ಕೆಳಗಿನವ್ರದ. ಖರೇನ ಅದ್ರಿಂದ ಉಪಯೋಗ ಐತೇನ್ರಿ?

ಹೊಂಗೆ ನೆರಳು

ಡಾಂಬರು ಬೇಡಪ್ಪ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೋ ಅನ್ನೋ ವಿಜ್ಞಾನಿ ಸಾವಿರಾರು ಮರಗಳನ್ನ ಉದ್ದಕ್ಕೆ ಸೀಳಿ ನೋಡಿ ತೋರಿಸಿಕೊಟ್ಟರು: ಮರ ಗಾಯವನ್ನ ಮಾಯಿಸಲ್ಲ, ಕೊಳೆತ ಭಾಗದ ಸುತ್ತ ಒಳಗೊಳಗೇ ಗೋಡೆ ಕಟ್ಟಿ ಅದನ್ನ ಬೇರೆ ಮಾಡುತ್ತೆ. ಮೇಲೆ ಬಳಿದ ಬಣ್ಣ, ಡಾಂಬರು ಕೊಳೆಯೋದನ್ನ ತಡೆಯಲ್ಲ. ತೋಟದ ಬೆಳೆಗಳಿಗೆ ಕೆಲವು ರೋಗಗಳಿದ್ದಾಗ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಮುಲಾಮು ಹಚ್ಚೋದು ಬೇರೆ ವಿಷಯ, ಅದಕ್ಕೆ ಕಾರಣ ಇದೆ. ನೆರಳಿನ ಮರಕ್ಕೆ ಮುಖ್ಯವಾದ್ದು ಎಲ್ಲಿ ಕೊಯ್ದೆವು ಅನ್ನೋದು. ಕೊಂಬೆ ಬೊಡ್ಡೆಗೆ ಸೇರೋ ಕಡೆ ಉಬ್ಬಿದ ಒಂದು ಬಳೆ ಇರುತ್ತೆ. ಆ ಉಬ್ಬನ್ನ ಉಳಿಸಿ ಅದರ ಹೊರಗೆ ಕೊಯ್ದರೆ ಮರ ತಾನೇ ಮುಚ್ಚಿಕೊಳ್ಳುತ್ತೆ. ಬೊಡ್ಡೆಗೆ ಸಮವಾಗಿ ಹೆರೆದರೂ ಕೆಟ್ಟಿತು, ಮೊಳ ಉದ್ದ ಮೋಟು ಬಿಟ್ಟರೂ ಕೆಟ್ಟಿತು. ಭಾರದ ಕೊಂಬೆಗೆ ಮೊದಲು ಕೆಳಗಿಂದ ಸ್ವಲ್ಪ ಕೊಯ್ದು, ಆಮೇಲೆ ಇನ್ನಷ್ಟು ಹೊರಗೆ ಮೇಲಿಂದ ಕೊಯ್ದು ಬೀಳಿಸಿ, ಕೊನೆಗೆ ಮೋಟನ್ನ ಉಬ್ಬಿನ ಹೊರಗೆ ತೆಗೀಬೇಕು. ಹಾಗೆ ಮಾಡದಿದ್ದರೆ ಬೀಳೋ ಕೊಂಬೆ ಬೊಡ್ಡೆಯ ತೊಗಟೆಯನ್ನ ಉದ್ದಕ್ಕೆ ಸುಲಿದುಕೊಂಡು ಹೋಗುತ್ತೆ.

ಬ್ರಿಸ್ಟಲ್ ಕನ್ನಡಿಗ

ಶಿವಮೊಗ್ಗ ಕಡೆಯವನು, ಈಗ ಇಂಗ್ಲೆಂಡಿನಲ್ಲಿ ಇದೇ ಕೆಲಸ. ಇಲ್ಲಿಯೂ ಎಲ್ಲರೂ ಶುರು ಮಾಡೋದು ಕೆಳಗಿಂದಲೇ. ಮಿಷನ್ ಹಿಡಿಯೋಕೆ ಮೊದಲು ತರಬೇತಿ, ಪರೀಕ್ಷೆ. ಕೆಳಗೆ ನಿಂತು ಹಿಡಿಯೋಕೆ ಒಂದು, ಹತ್ತಿ ಹಿಡಿಯೋಕೆ ಬೇರೆ. ಹತ್ತೋ ಹಗ್ಗ, ಬೆಲ್ಟುಗಳನ್ನ ಆರು ತಿಂಗಳಿಗೊಮ್ಮೆ ಬಲ್ಲವರಿಂದ ತಪಾಸಣೆ ಮಾಡಿಸಲೇಬೇಕು ಅಂತ 1998ರ ನಿಯಮವೇ ಇದೆ. ಮಿಷನ್ ಹಿಡಿಯೋರು ಹಾಕೋ ಪ್ಯಾಂಟಿನ ಒಳಗೆ ಉದ್ದನೆಯ ಎಳೆಗಳಿರುತ್ತವೆ, ಚೈನ್ ತಗುಲಿದರೆ ಎಳೆಗಳು ಹೊರಬಂದು ಚೈನಿಗೆ ಸುತ್ತಿಕೊಂಡು ಅದನ್ನ ನಿಲ್ಲಿಸುತ್ತವೆ.

ಭಾರತದಲ್ಲಿ ಇದೆಲ್ಲ ಬರೋಕೆ ಸಮಯ ಬೇಕಾಗಬಹುದು, ಆದರೆ ದುಡ್ಡೇ ಬೇಡದ ಕೆಲವನ್ನ ಇವತ್ತೇ ಮಾಡಬಹುದು. ಬೆಳಿಗ್ಗೆ ಕೆಲಸಕ್ಕೆ ಮುಂಚೆ ಐದು ನಿಮಿಷ ಎಲ್ಲರೂ ನಿಂತು ಯಾವ ಕೊಂಬೆ ಮೊದಲು, ಎಲ್ಲಿಗೆ ಬೀಳುತ್ತೆ, ಯಾರು ಎಲ್ಲಿ ನಿಲ್ಲಬೇಕು ಅಂತ ಮಾತಾಡೋದು. ಮರವನ್ನ ಬುಡದಿಂದ ಉರುಳಿಸೋದಾದರೆ ಆ ಕೆಲಸದಲ್ಲಿ ಇಲ್ಲದವರೆಲ್ಲ ಮರದ ಎತ್ತರದ ಎರಡರಷ್ಟು ದೂರ ಇರೋದು. ರೆಂಬೆ ಪುಡಿ ಮಾಡೋ ಚಿಪ್ಪರ್ ನಿಮ್ಮ ತಂಡದಲ್ಲಿ ಇದ್ದರೆ ಅದರ ಪಕ್ಕದಲ್ಲಿ ಹಗ್ಗ ಬಿದ್ದಿರಬಾರದು. ರೆಂಬೆಗೆ ಸಿಕ್ಕ ಹಗ್ಗವನ್ನ ಅದು ಕ್ಷಣದಲ್ಲಿ ಒಳಗೆ ಎಳೆದುಕೊಳ್ಳುತ್ತೆ, ಹಗ್ಗದ ಇನ್ನೊಂದು ತುದಿಯಲ್ಲಿ ಮನುಷ್ಯ ಇರಬಹುದು. ಬುಡದ ಕಡೆಯಿಂದ ತುರುಕಿ, ಪಕ್ಕಕ್ಕೆ ಸರಿದು ನಿಲ್ಲಿ. ಕೈ, ಕಾಲಿಂದ ಎಂದೂ ಒಳಗೆ ತಳ್ಳಬೇಡಿ.

ಕುಣಿಗಲ್ ಹುಡುಗ

ಇಷ್ಟು ಜನ ಇಷ್ಟು ಬಿಡಿಸಿ ಹೇಳ್ತೀರಿ ಅಂತ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಕೈ ಮುಗಿದೆ. ಗಂಟು ಕಲಿಯೋಕೆ ಶುರು ಮಾಡಿದ್ದೀನಿ. ಹೆಲ್ಮೆಟ್, ಶೂ ತಂಡದವರು ಕೊಡ್ತಾರಾ ಅಂತ ಕೇಳಿದೆ, "ನೋಡೋಣ" ಅಂದರು. ವಿಮೆ ಬಗ್ಗೆ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಮಿಷನ್ನಿನ ಎಣ್ಣೆ ಕೆಲಸ ಹೇಗೆ ಅಂತಲೂ ಯಾರಾದರೂ ಹೇಳಿ.

ಏರುಗಾಲು

ಹೆಲ್ಮೆಟ್ ಅವರು ಕೊಡೋವರೆಗೆ ಕಾಯಬೇಡ, ಗಲ್ಲದ ಪಟ್ಟಿ ಇರೋದನ್ನ ನೀನೇ ಕೊಂಡುಬಿಡು. ಕನ್ನಡಕ, ಕಿವಿಗೆ ಮುಚ್ಚಳ, ಅಂಗೈ ಒರಟಾಗಿರೋ ಕೈಗವಸು, ಹಿಮ್ಮಡಿ ಜಾರದ ಗಟ್ಟಿ ಶೂ. ಚಪ್ಪಲಿಯಲ್ಲಿ ಬಂದರೆ ವಾಪಸ್ ಕಳಿಸೋ ಮೇಸ್ತ್ರಿ ಸಿಕ್ಕರೆ ಅವರನ್ನ ಬಿಡಬೇಡ. ಸಡಿಲ ಅಂಗಿ, ಕೊರಳಲ್ಲಿ ಟವೆಲ್ ಬೇಡ.

ವಿಮೆ: ಹತ್ತು ಜನಕ್ಕಿಂತ ಕಮ್ಮಿ ಇರೋ ತಂಡಕ್ಕೆ ಸಾಮಾನ್ಯವಾಗಿ ಇಎಸ್ಐ (ಸರ್ಕಾರದ ಕಾರ್ಮಿಕರ ವಿಮೆ) ಇರಲ್ಲ. ನಿನ್ನ ಬ್ಯಾಂಕಿಗೆ ಹೋಗಿ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ ಮಾಡಿಸು. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದರೆ 2 ಲಕ್ಷ. ಅದು ಸಾಕಾಗಲ್ಲ, ಆಸ್ಪತ್ರೆ ಖರ್ಚು ಅದರಲ್ಲಿ ಬರಲ್ಲ, ಆದರೂ ಸೇರೋಕೆ ಮುಂಚೆಯೇ ಮಾಡಿಸು. ಬಿದ್ದರೆ ಆಸ್ಪತ್ರೆ ಖರ್ಚು ಯಾರದ್ದು ಅಂತ ಮೇಸ್ತ್ರಿ ಹತ್ತಿರ ನಾಲ್ಕು ಜನರ ಮುಂದೆ ಕೇಳು. "ನೋಡೋಣ" ಅನ್ನೋದು ಉತ್ತರ ಅಲ್ಲ. ಸಂಬಳ ನೂರಿನ್ನೂರು ಕಮ್ಮಿ ಆದರೂ ಇದಕ್ಕೆ ನೇರವಾಗಿ ಉತ್ತರ ಕೊಡೋ ತಂಡವೇ ಮೇಲು.

ಹಗ್ಗದ ಕೈ

ಎಣ್ಣೆ ವಿಷಯ ನಾನು ಹೇಳ್ತೀನಿ. ಪೆಟ್ರೋಲಿಗೆ 2ಟಿ ಆಯಿಲ್, ಅಂದ್ರೆ ಟೂ-ಸ್ಟ್ರೋಕ್ ಎಂಜಿನ್ನಿನ ಎಣ್ಣೆ, ಬೆರೆಸಬೇಕು. ಈಗಿನ ಹೆಚ್ಚಿನ ಮಿಷನ್ನಿಗೆ 50ಕ್ಕೆ 1, ಅಂದ್ರೆ ಲೀಟರಿಗೆ 20 ಮಿ.ಲೀ. ಹಳೇ ಮಿಷನ್ ಅಥವಾ ಬೇರೆ ಆಯಿಲ್ ಆದರೆ ಲೆಕ್ಕ ಬೇರೆ, ಮಿಷನ್ ಜೊತೆ ಬಂದ ಪುಸ್ತಕ ನೋಡು. ಚೈನಿಗೆ ಹಾಕೋ ಎಣ್ಣೆ ಬೇರೆ ತೊಟ್ಟಿಗೆ. ಮಿಷನ್ ತಣ್ಣಗಾಗೋಕೆ ಬಿಟ್ಟು ತುಂಬು. ತುಂಬಿದ ಜಾಗದಿಂದ ನಾಲ್ಕು ಹೆಜ್ಜೆ ದೂರ ಹೋಗಿ ಸ್ಟಾರ್ಟ್ ಮಾಡಲಿ. ಬೀಡಿ ಹಚ್ಚಿಕೊಂಡೋನು ಹತ್ತಿರ ಬಂದರೆ ಎದ್ದು ಬಾ. ಹಗ್ಗದ ಮೇಲೆ ಪೆಟ್ರೋಲ್, ಎಣ್ಣೆ ಚೆಲ್ಲಬಾರದು, ಹಗ್ಗ ತುಳಿಯಬಾರದು, ಬಿಸಿ ಮಿಷನ್ ಅದರ ಮೇಲಿಡಬಾರದು. ಸಂಜೆ ಹಗ್ಗವನ್ನ ಬೆರಳಲ್ಲಿ ಸವರುತ್ತಾ ಸುತ್ತು, ಎಳೆ ಕಿತ್ತಿರೋದು ಕಣ್ಣಿಗಿಂತ ಮುಂಚೆ ಬೆರಳಿಗೆ ಸಿಗುತ್ತೆ.

ಚೈನ್ ಮೊಂಡಾಗಿರೋದು ಕೆಳಗೆ ನಿಂತೇ ಗೊತ್ತಾಗುತ್ತೆ. ಹರಿತ ಇದ್ದರೆ ಚಕ್ಕೆ ಚಕ್ಕೆ ಉದುರುತ್ತೆ, ಮೊಂಡಾದರೆ ರಾಗಿ ಹಿಟ್ಟಿನ ಹಾಗೆ ಪುಡಿ. ಪುಡಿ ಕಂಡರೆ ಮೇಲಿನವನಿಗೆ ಹೇಳು, ಮೊಂಡು ಚೈನನ್ನ ಒತ್ತಿ ಒತ್ತಿ ಕೊಯ್ಯೋವಾಗಲೇ ಮಿಷನ್ ಕೈತಪ್ಪೋದು. ಅರ ಹಾಕಿ ಚೈನ್ ಹರಿತ ಮಾಡೋದು ಕಲಿಸಿ ಅಂತ ಕೇಳು. ಅರ ಹಾಕೋಕೆ ಬಂದ ಹುಡುಗನಿಗೇ ಮೊದಲು ಮಿಷನ್ ಸಿಗೋದು. ಅದೂ ನೆಲದ ಮೇಲೆ ಬಿದ್ದ ಸೌದೆ ಕೊಯ್ಯೋಕೆ. ಬ್ಲೇಡಿನ ಮೂತಿಯ ಮೇಲ್ಭಾಗ ಏನಕ್ಕೂ ತಾಗಬಾರದು, ತಾಗಿದರೆ ಮಿಷನ್ ಮುಖದ ಕಡೆಗೆ ಎಗರುತ್ತೆ.

ಕುಣಿಗಲ್ ಹುಡುಗ

ಇನ್ನೊಂದೇ ಪ್ರಶ್ನೆ ಅಣ್ಣ. ಮೇಲಿರೋನಿಗೆ ಅಲ್ಲೇ ಗಾಯ ಆಗಿ ಬೆಲ್ಟಿನಲ್ಲಿ ನೇತಾಡ್ತಾ ಇದ್ದರೆ ಕೆಳಗಿರೋ ನಾನು ಏನು ಮಾಡಬೇಕು?

ಏರುಗಾಲು

ಇದನ್ನ ಕೇಳಿದ್ದು ಬಹಳ ಒಳ್ಳೇದಾಯ್ತು, ಎಷ್ಟೋ ತಂಡಗಳು ಇದನ್ನ ಯೋಚನೆಯೇ ಮಾಡಿರಲ್ಲ. ಪ್ರಜ್ಞೆ ತಪ್ಪಿ ಬೆಲ್ಟಿನಲ್ಲಿ ನೇತಾಡೋನಿಗೆ ರಕ್ತ ಕಾಲಿಗಿಳಿದು ಮೆದುಳಿಗೆ ಸಾಲದಾಗುತ್ತೆ, ತಡ ಮಾಡೋ ಹಾಗಿಲ್ಲ. ನೀನು ಹಗ್ಗ ಹಿಡಿದಿದ್ದರೆ ಮೊದಲು ಅದನ್ನ ಭದ್ರ ಮಾಡು, ಅರ್ಧ ಕೊಯ್ದ ಕೊಂಬೆ ಅವನ ಮೇಲೆ ಬರಬಾರದು. ಒಬ್ಬರು 108ಕ್ಕೆ ಫೋನ್ ಮಾಡಬೇಕು. ಬೆಳಿಗ್ಗೆಯೇ ಆ ಜಾಗದ ರಸ್ತೆ ಹೆಸರು, ಹತ್ತಿರದ ಗುರುತು ಬರೆದಿಟ್ಟುಕೋ, ಆ ಗಾಬರಿಯಲ್ಲಿ ನೆನಪಾಗಲ್ಲ. ಇನ್ನೊಬ್ಬರು ರಸ್ತೆ ತುದಿಗೆ ಹೋಗಿ ಗಾಡಿಗೆ ದಾರಿ ತೋರಿಸಬೇಕು.

ಹತ್ತಿ ಇಳಿಸೋದು ಹತ್ತೋಕೆ ಬರೋನ ಕೆಲಸ, ನೀನು ನುಗ್ಗಬೇಡ. ಅದಕ್ಕೇ ತಂಡದಲ್ಲಿ ಹತ್ತೋರು ಇಬ್ಬರಿರಬೇಕು, ಎರಡನೇ ಬೆಲ್ಟು, ಎರಡನೇ ಹಗ್ಗ ಚೀಲದಿಂದ ತೆಗೆದು ಮರದ ಹತ್ತಿರ ಸಿದ್ಧ ಇರಬೇಕು. ಗಾಡಿಯಲ್ಲಿ ಬೀಗ ಹಾಕಿಟ್ಟರೆ ಇದ್ದೂ ಇಲ್ಲದ ಹಾಗೆ. ಕೆಳಗೆ ಬಂದಮೇಲೆ ರಕ್ತ ಸೋರ್ತಿದ್ದರೆ ಚೊಕ್ಕಟ ಬಟ್ಟೆ ಮಡಚಿ ಗಾಯದ ಮೇಲೆ ಒತ್ತಿ ಹಿಡಿ, ನಿಂತಿದೆಯಾ ಅಂತ ಪದೇ ಪದೇ ತೆಗೆದು ನೋಡಬೇಡ. ಬಿದ್ದವನಾದರೆ ಕುತ್ತಿಗೆ, ಬೆನ್ನು ಅಲುಗಿಸಬೇಡ, ಎತ್ತಿ ಕೂರಿಸಿ ನೀರು ಕುಡಿಸೋಕೆ ಜನ ಬರ್ತಾರೆ, ಅವರನ್ನ ತಡಿ.

ಸೋಮವಾರ ಹೋದಾಗ ಎರಡನೇ ಬೆಲ್ಟು ಎಲ್ಲಿದೆ ಅಂತ ಮೇಸ್ತ್ರಿಯನ್ನ ಕೇಳಿ, ಅವರು ಏನಂದರು ಅಂತ ಇಲ್ಲಿ ಬರಿ.